ಯಾಜಕಕಾಂಡದಲ್ಲಿ ನಾನೂ ನಿಂತುಬಿಟ್ಟಿದ್ದೆ

ಒಂದು ವರ್ಷದಲ್ಲಿ ಬೈಬಲ್ ಮುಗಿಸಲು ಹೊರಟು, ಅದರ ಮೂರನೇ ಪುಸ್ತಕವಾದ, ನಿಯಮಗಳೇ ತುಂಬಿದ ಯಾಜಕಕಾಂಡದಲ್ಲಿ 40 ದಿನ ಹಿಂದೆ ಬಿದ್ದಿದ್ದೇನೆ, ದಿನಕ್ಕೆ ಡಬಲ್ ಓದಲಾ, ಮೊದಲಿಂದ ಶುರು ಮಾಡಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ನಾನು 50 ದಿನ ಹಿಂದೆ ಬಿದ್ದವನು.

ಆಗ ಕಾರವಾರದ ಕೋಡಿಬಾಗದಲ್ಲಿ ನಮ್ಮದು ಹಳೇ ಹೆಂಚಿನ ಮನೆ. ಪಾಸ್ಕ ಹಬ್ಬದ (ಈಸ್ಟರ್) ಮರುದಿನ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದೆ. ನಮ್ಮ ಕಥೋಲಿಕ ಬೈಬಲಿನ 73 ಪುಸ್ತಕ, ದಿನಕ್ಕೆ ಮೂರೋ ನಾಲ್ಕೋ ಅಧ್ಯಾಯ, ಓದಿದ್ದಕ್ಕೆ ಕೆಂಪು ಪೆನ್ನಿನ ಟಿಕ್. ಮೊದಲ ಪುಸ್ತಕ ಆದಿಕಾಂಡ ಕಥೆಯ ಓಟದಲ್ಲೇ ಮುಗಿಯಿತು. ಯಾಜಕಕಾಂಡ ಅರ್ಧಕ್ಕೆ ಬರುವಾಗ ಜುಲೈ, ಬಿಡದ ಮಳೆ.

ಒಂದು ರಾತ್ರಿ ಕರೆಂಟ್ ಹೋಗಿತ್ತು. ತೇರ್ಸ್, ಅಂದರೆ ಮನೆಯವರೆಲ್ಲ ಸೇರಿ ಹೇಳುವ ಜಪಮಾಲೆ ಪ್ರಾರ್ಥನೆ, ಮುಗಿದಿತ್ತು. ನಾನು ಮೊಬೈಲ್ ಟಾರ್ಚ್ ಹಿಡಿದು 14ನೇ ಅಧ್ಯಾಯ ಓದುತ್ತಿದ್ದೆ. ಅಮ್ಮನಿಗೆ ಕಣ್ಣಿನ ಪೊರೆ ಬಂದು ಅಕ್ಷರ ಕಾಣುತ್ತಿರಲಿಲ್ಲ. ‘ಪುತಾ, ಆ ಬೆಟ್ಟದ ಕೀರ್ತನೆ ಒಂದು ಓದ್ತೀಯಾ?’ ಅಂದರು. ಬೆಟ್ಟಗಳ ಕಡೆ ಕಣ್ಣೆತ್ತುತ್ತೇನೆ ಅಂತ ಶುರುವಾಗುವ, ಬೈಬಲಿನ 121ನೇ ಕೀರ್ತನೆ. ‘ನಾಳೆ ಓದ್ತೀನಮ್ಮ, ಇವತ್ತಿಂದು ಇನ್ನೂ ಎರಡು ಅಧ್ಯಾಯ ಬಾಕಿ ಇದೆ’ ಅಂದೆ.

ತಪ್ಪಾಗಿದ್ದು ಅಲ್ಲೇ. ಅದನ್ನು ಬಿಡಿಸಿ ಹೇಳಬೇಕು. ಆ ಕೀರ್ತನೆಯಲ್ಲಿ ಇರುವುದು ಎಂಟೇ ವಚನ. ಒಂದು ನಿಮಿಷ ಸಾಕು. ಸಮಯ ಇರಲಿಲ್ಲ ಅಂತ ಹೇಳಲಾರೆ, ಇತ್ತು. ಆದರೆ ಅದು ಅವತ್ತಿನ ಪಟ್ಟಿಯಲ್ಲಿ ಇರಲಿಲ್ಲ, ಓದಿದರೂ ಟಿಕ್ ಬೀಳುತ್ತಿರಲಿಲ್ಲ. ದೇವರ ವಾಕ್ಯ ಬೇಕು ಅಂತ ಅಮ್ಮ ಬಾಯಿಬಿಟ್ಟು ಕೇಳಿದಾಗ, ಅದೇ ದೇವರ ವಾಕ್ಯ ಓದುವ ಹೆಸರಲ್ಲಿ ಬೇಡ ಅಂದವನು ನಾನು. ನಾಳೆ ಅಂದೆನಲ್ಲ, ಆ ನಾಳೆಯೂ ಓದಲಿಲ್ಲ.

ಅಮ್ಮ ಮತ್ತೆ ಕೇಳಲಿಲ್ಲ. ಪಕ್ಕದ ಮನೆಯ ನಾಲ್ಕನೇ ಕ್ಲಾಸಿನ ಹುಡುಗಿಯನ್ನು ಕರೆದು ಓದಿಸಿಕೊಳ್ಳತೊಡಗಿದರು. ಆ ಮಗು ಒತ್ತಕ್ಷರ ಬಂದಲ್ಲೆಲ್ಲ ತಡವರಿಸುತ್ತಿತ್ತು. ಅಮ್ಮ ಕಣ್ಣು ಮುಚ್ಚಿಕೊಂಡೇ ಮುಂದಿನ ಪದ ಹೇಳಿಕೊಡುತ್ತಿದ್ದರು. ಇಡೀ ಕೀರ್ತನೆ ಅವರಿಗೆ ಬಾಯಿಪಾಠ! ಹಾಗಾದರೆ ನನ್ನ ಹತ್ತಿರ ಕೇಳಿದ್ದು ಏನನ್ನು ಅಂತ ಅಡುಗೆಮನೆ ಬಾಗಿಲಲ್ಲಿ ನಿಂತು ಯೋಚಿಸಿದೆ.

ಆಮೇಲೆ 14ನೇ ಅಧ್ಯಾಯವನ್ನು ಮತ್ತೆ ನಿಧಾನವಾಗಿ ಓದಿದೆ. ಅದರಲ್ಲಿ ಮನೆಯ ಗೋಡೆಗೆ ಹಿಡಿಯುವ ಬೂಷ್ಟಿನ ಮಾತು ಬರುತ್ತದೆ. ಹಸಿರು ಇಲ್ಲವೇ ಕೆಂಪು ಕಲೆ ಕಂಡರೆ ಯಾಜಕನಿಗೆ ಹೇಳಬೇಕು, ಅವನು ನೋಡಿ ಏಳು ದಿನ ಮನೆ ಮುಚ್ಚಿಸಬೇಕು. ಕಲೆ ಹರಡಿದ್ದರೆ ಆ ಕಲ್ಲು ಕಿತ್ತು, ಗೋಡೆ ಕೆರೆದು, ಹೊಸ ಗಾರೆ ಮೆತ್ತಬೇಕು. ನನ್ನ ಪಟ್ಟಿ ಅಂಟಿಸಿದ್ದ ಗೋಡೆಯಲ್ಲೇ ಅಂಗೈ ಅಗಲದ ಹಸಿರು ಬೂಷ್ಟು ಹಬ್ಬಿತ್ತು. ಅಂಥ ಗೋಡೆಯ ಎದುರೇ ಕೂತು ಓದಿದ್ದರೂ ಮೊದಲ ಸಲ ಕಣ್ಣಿಗೆ ಬಿದ್ದಿರಲಿಲ್ಲ. ಇನ್ನೊಂದು ಮಾತಿದೆ: ಯಾಜಕ ಒಳಗೆ ಬರುವ ಮೊದಲೇ ಸಾಮಾನೆಲ್ಲ ಹೊರಗೆ ಸಾಗಿಸಬೇಕು, ಇಲ್ಲವಾದರೆ ಅದೂ ಅಶುದ್ಧ ಅಂತಾಗುತ್ತದೆ. ಬಡವರ ಪಾತ್ರೆ, ಹಾಸಿಗೆ ಉಳಿಯಲಿ ಅನ್ನುವ ಕಾಳಜಿ ಅಲ್ವಾ ಇದು? ಒಣ ಪುಸ್ತಕ ಅಂದುಕೊಂಡಿದ್ದೆ.

ಪಟ್ಟಿ ಹರಿದು ಹಾಕಿದೆ. ನಮ್ಮ ಚರ್ಚಿನಲ್ಲೇ ಭಾನುವಾರದ ಪೂಜೆಯಲ್ಲಿ ಓದುವ ಬೈಬಲ್ ವಾಚನಗಳು ಒಂದು ಸುತ್ತು ಬರಲು ಮೂರು ವರ್ಷ ಬೇಕು. ಯೇಸುವಿನ ಕಥೆ ಹೇಳುವ ಶುಭಸಂದೇಶಗಳಲ್ಲಿ ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ. ಅಷ್ಟಾದರೂ ಇಡೀ ಬೈಬಲ್ ಮುಗಿಯುವುದಿಲ್ಲ. ಅಂದ ಮೇಲೆ ನೀವು ಹಿಂದೆ ಬಿದ್ದಿರುವುದು ಯಾರಿಗಿಂತ? ಡಬಲ್ ಓದಿದರೆ ಜಾಸ್ತಿ ಪುಟ ತಿರುಗುತ್ತದೆ, ಅಷ್ಟೇ. ದಿನಕ್ಕೆ ಅರ್ಧ ಅಧ್ಯಾಯ ಸಾಕು.

ಅಮ್ಮ ಈಗಿಲ್ಲ. ಕೊನೆಯ ಎರಡು ಮಳೆಗಾಲ ಆ ಹುಡುಗಿ ಓದುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ಕೇಳುತ್ತಿದ್ದೆ. ನಾನು ಓದಲಾ ಅಂತ ಒಮ್ಮೆ ಕೇಳಿದ್ದೆ. ‘ಬೇಡ, ಅವಳು ಕಲಿತಾ ಇದ್ದಾಳೆ’ ಅಂದರು.

ಇವತ್ತು ರಾತ್ರಿ ಪಟ್ಟಿ ತೆಗೆಯಬೇಡಿ. ಮನೆಯಲ್ಲಿ ಯಾರು ಎಚ್ಚರ ಇದ್ದಾರೆ ನೋಡಿ. ಅವರಿಗೆ ಯಾವುದು ಬೇಕು ಕೇಳಿ, ಅದನ್ನೇ ಜೋರಾಗಿ ಓದಿ.