ಕ್ಯಾಬಿನ್ ಕಿಂಡಿಯಿಂದ: ರಿಮೋಟು ಯಾರ ಕೈಲಿತ್ತು?

ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಮನೇಲಿ ಕೂತು ನೋಡಿದ ಸಿನಿಮಾದ್ದೇ. ಒಬ್ಬರಿಗೆ ‘ಸೂಪರ್’ ಅನಿಸಿದ್ದು ಇನ್ನೊಬ್ಬರಿಗೆ ‘ಸಿಕ್ಕಾಪಟ್ಟೆ ಎಳೆದಿದ್ದಾರೆ’. ನಾನು ಮೈಸೂರಿನ ಒಂದು ಟಾಕೀಸಿನ ಕ್ಯಾಬಿನ್ನಲ್ಲಿ 26 ವರ್ಷ ರೀಲು ಓಡಿಸಿದವನು. ಕಿಂಡಿಯಿಂದ ಪರದೆಗಿಂತ ಜನರನ್ನೇ ಜಾಸ್ತಿ ನೋಡಿದ್ದೀನಿ. ಹಾಗಾಗಿ ಯಾರಾದರೂ ಸಿನಿಮಾ ಬೋರು ಅಂದರೆ ಮೊದಲು ಕೇಳೋದು ಒಂದೇ: ಹೇಗೆ ನೋಡಿದಿರಿ? ಟ್ಯೂಬ್‌ಲೈಟ್ ಉರೀತಿತ್ತಾ, ಕುಕ್ಕರ್ ಕೂಗ್ತಿತ್ತಾ, ರಿಮೋಟು ಯಾರ ಕೈಲಿತ್ತು? ಅದನ್ನ ಹೇಳದೆ ಡೈರೆಕ್ಟರಿಗೆ ಬೈದರೆ ನಾನು ಒಪ್ಪಲ್ಲ.

ಪ್ರಶ್ನೆ: ‘ಶಾಖಾಹಾರಿ’ ಅನ್ನೋ ಹೆಸರು ನೋಡಿ ನಮ್ಮತ್ತೆ, ‘ಯಾವುದೋ ಒಳ್ಳೇ ಸಿನಿಮಾ ಇರಬೇಕು, ಹಾಕಮ್ಮ’ ಅಂದರು. ನೋಡಿದರೆ ಕೊಲೆ, ಪೊಲೀಸು! ಅತ್ತೆ ಎದ್ದು ಹೋಗ್ತಾರೆ ಅಂದ್ಕೊಂಡೆ, ಕೊನೇವರೆಗೂ ಕದಲಲಿಲ್ಲ. ತೊಂದರೆ ಏನಂದ್ರೆ ಮಾತು ಕೇಳಿಸಲ್ಲ ಅಂತ ವಾಲ್ಯೂಮ್ 40ಕ್ಕೆ ಏರಿಸಿದರೆ, ಮ್ಯೂಸಿಕ್ ಬಂದಾಗ ಪಕ್ಕದ ಮನೆಯವರು ಕಿಟಕಿ ಹಾಕ್ಕೊಂಡರು. ಈಗಿನವರು ಮಾತು ಸರಿಯಾಗಿ ರೆಕಾರ್ಡ್ ಮಾಡಲ್ವಾ ಅಣ್ಣಾ?
– ಗೃಹಿಣಿ, ಒಂಟಿಕೊಪ್ಪಲು, ಮೈಸೂರು

ಉತ್ತರ: ರೆಕಾರ್ಡ್ ಚೆನ್ನಾಗೇ ಮಾಡಿರ್ತಾರಮ್ಮ. ಟಾಕೀಸಿನ ಪರದೆ ಹತ್ತಿರ ಹೋಗಿ ನೋಡಿದ್ದೀರಾ? ಅದರ ತುಂಬ ಸಣ್ಣ ಸಣ್ಣ ತೂತು. ಪರದೆ ಹಿಂದೆ ನಟ್ಟನಡುವೆ ಒಂದು ಸ್ಪೀಕರ್ ಇರುತ್ತೆ. ಮಾತೆಲ್ಲ ಬಹುಪಾಲು ಅಲ್ಲಿಂದಲೇ ಬರೋದು. ಸಂಗೀತ, ಮಳೆ, ಗಾಡಿ ಸದ್ದೆಲ್ಲ ಅಕ್ಕಪಕ್ಕದಿಂದ, ಹಿಂದಿನಿಂದ. ಮನೇಲಿ ಇಷ್ಟನ್ನೂ ಟಿವಿ ಬೆನ್ನಲ್ಲೋ ಹೊಟ್ಟೇಲೋ ಇರೋ ಎರಡು ಪುಟಾಣಿ ಸ್ಪೀಕರ್‌ಗೆ ತುರುಕಿದರೆ ಮಾತು ಮುಳುಗಿಹೋಗುತ್ತೆ. ಸಿನಿಮಾ ಹಾಕಿದಾಗ ಆಡಿಯೊ ಅಂತ ಇರೋ ಕಡೆ 5.1 (ಆರು ಸ್ಪೀಕರಿಗೆ ಹಂಚಿದ ಸದ್ದು) ಇದ್ದರೆ ಅದನ್ನ ಬಿಟ್ಟು ಎರಡೇ ಸ್ಪೀಕರಿನ ಸ್ಟೀರಿಯೊ ಆರಿಸಿ. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ‘ಕ್ಲಿಯರ್ ವಾಯ್ಸ್’ ಅಂತಲೋ ‘ನೈಟ್ ಮೋಡ್’ ಅಂತಲೋ ಇರುತ್ತೆ, ಒಂದೊಂದು ಕಂಪನಿಗೆ ಒಂದೊಂದು ಹೆಸರು, ಅದನ್ನ ಹಾಕಿ. ಪಕ್ಕದ ಮನೆಯವರು ಕಿಟಕಿ ತೆಗೀತಾರೆ.

ಆ ಸಿನಿಮಾಗೆ ಇದು ಬೇಕೇ ಬೇಕು. 2024ರಲ್ಲಿ ಬಂದದ್ದು. ಮಲೆನಾಡಿನ ಒಂದು ಸಣ್ಣ ಹೋಟೆಲಿನ ಸುಬ್ಬಣ್ಣ ಆಗಿ ರಂಗಾಯಣ ರಘು. ನಾನು ಕಿಂಡಿಯಿಂದ ಕಂಡ ರಘು ಅವರೆಲ್ಲ ಕೂಗಾಡೋ, ಕುಣಿದಾಡೋ ರಘು. ಎಂಟ್ರಿ ಆದರೆ ಸಾಕು, ಪರದೆ ಮುಂದಿನ ಅಗ್ಗದ ಸೀಟಿನ ಗಾಂಧಿ ಕ್ಲಾಸು ಬೆಂಚು ಬಡೀತಿತ್ತು. ಇಲ್ಲಿ ಆ ಮನುಷ್ಯ ದನಿ ಇಳಿಸಿ, ಕಣ್ಣಲ್ಲೇ ಹೆದರಿಕೆ ಇಟ್ಕೊಂಡು ಓಡಾಡ್ತಾರೆ. ಬಿ.ವಿ. ಕಾರಂತರು 1989ರಲ್ಲಿ ನಮ್ಮ ಮೈಸೂರಲ್ಲಿ ಶುರು ಮಾಡಿದ ರಂಗಾಯಣದಲ್ಲಿ ಪಳಗಿದ ನಟ ಅನ್ನೋದನ್ನ ಸಿನಿಮಾದವರು ಮರೆತೇ ಬಿಟ್ಟಿದ್ದರೇನೋ. ನಿಮ್ಮತ್ತೆ ಕದಲದೆ ಕೂತಿದ್ದರು ಅಂದ್ರಲ್ಲ, ಅವರ ರುಚಿ ಒಳ್ಳೇದಿದೆ. ರಿಮೋಟು ಅವರಿಗೇ ಕೊಡಿ.

ಪ್ರಶ್ನೆ: ಬೆಂಗಳೂರಿಂದ ರಜಕ್ಕೆ ಬಂದಿದ್ದ ಮೊಮ್ಮಗನ ಜೊತೆ ‘ತಿಥಿ’ ನೋಡಿದೆ. ನಾನು ನಕ್ಕೂ ನಕ್ಕೂ ಕೆಮ್ಮು ಹತ್ತಿಸ್ಕೊಂಡೆ. ಅವನು ಕೆಳಗೆ ಬರೋ ಇಂಗ್ಲಿಷ್ ಅಕ್ಷರ ಓದ್ಕೊಂಡು ಕೂತಿದ್ದ. ಮುಗಿದ ಮೇಲೆ, ‘ತಾತ, ಇದ್ರಲ್ಲಿ ಸ್ಟೋರೀನೇ ಇಲ್ವಲ್ಲ’ ಅಂದ. ಏನ್ ಹೇಳ್ಲಿ ಸಾ ಇವನಿಗೆ?
– ರೈತ, ಪಾಂಡವಪುರ ತಾಲ್ಲೂಕು

ಉತ್ತರ: ಯಜಮಾನ್ರೇ, ಮೊದಲು ಆ ಇಂಗ್ಲಿಷ್ ಅಕ್ಷರ ತೆಗೆಸಿ. ಸಿನಿಮಾ ಶುರುವಾಗೋದೇ ಬೀದಿ ಬದೀಲಿ ಕೂತ ಸೆಂಚುರಿ ಗೌಡ ಹೋಗೋರಿಗೆ ಬರೋರಿಗೆಲ್ಲ ಬೈಯೋದರಿಂದ. ಒಬ್ಬೊಬ್ಬರಿಗೂ ಅವರವರ ಮನೆತನ ನೋಡಿ ಅಳತೆ ತಗೊಂಡು ಹೊಲಿದ ಹಾಗಿರೋ ಬೈಗುಳ. ಅದನ್ನ ಇಂಗ್ಲಿಷಲ್ಲಿ ಎರಡು ಪದಕ್ಕೆ ಇಳಿಸಿದರೆ ಉಳಿಯೋದು ಬರೀ ಸಿಟ್ಟು. ನೀವು ನಕ್ಕಿದ್ದು ಸಿಟ್ಟಿಗಲ್ಲವಲ್ಲ, ಆ ಮಾತಿನ ಧಾಟಿಗೆ. ಅದು ಹುಡುಗನಿಗೆ ಸಿಗಲೇ ಇಲ್ಲ.

ಸ್ಟೋರಿ ಇಲ್ಲ ಅಂದನಾ? ನೂರೊಂದು ವರ್ಷದ ಮುದುಕ ದಾರೀಲಿ ಬಿದ್ದು ಸಾಯ್ತಾನೆ. ಹನ್ನೊಂದನೇ ದಿನ ಊರಿಗೆಲ್ಲ ಊಟ ಹಾಕಬೇಕು. ಮಗ ಗಡ್ಡಪ್ಪನಿಗೆ ಜಮೀನೂ ಬೇಡ, ತಿಥೀನೂ ಬೇಡ, ಒಂದು ಬೀಡಿ, ಟೈಗರ್ ಬ್ರಾಂದಿ, ಸುತ್ತಾಟ ಇದ್ದರೆ ಸಾಕು. ಮೊಮ್ಮಗ ತಮ್ಮಣ್ಣನಿಗೆ ಐದೆಕರೆ ಮಾರಬೇಕು, ಅದಕ್ಕೆ ಬದುಕಿರೋ ಅಪ್ಪನ್ನ ಸತ್ತ ಅಂತ ಕಾಗದ ಮಾಡಿಸೋಕೆ ಓಡಾಟ. ಮರಿಮಗನಿಗೆ ಕುರಿ ಕಾಯೋರ ಹುಡುಗಿ ಹಿಂದೆ ಸುತ್ತೋ ಕೆಲಸ. ಇಷ್ಟು ಸ್ಟೋರಿ ನಿಮ್ಮ ತಾಲ್ಲೂಕು ಕಚೇರಿ ಮುಂದಿನ ಟೀ ಅಂಗಡೀಲಿ ಅರ್ಧ ದಿನ ಕೂತರೆ ಸಿಗುತ್ತೆ ಅಂತೀರಾ? ಸಿಗುತ್ತೆ. ಅದಕ್ಕೇ ಅವರು ನಟರನ್ನ ಹುಡುಕಲಿಲ್ಲ, ನಮ್ಮ ಮಂಡ್ಯ ಕಡೆಯ ಊರವರನ್ನೇ ಹಿಡಿದು ನಿಲ್ಲಿಸಿದರು. ತೆಗೆದದ್ದು ನೊದೆಕೊಪ್ಪಲಿನಲ್ಲಿ, ಡೈರೆಕ್ಟರ್ ರಾಮ್ ರೆಡ್ಡಿ, ಬರೆದವರು ಈರೇಗೌಡ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಹೊಡೀತು. ಅಲ್ಲಿಯವರಿಗೂ ಕೆಳಗಿನ ಅಕ್ಷರವೇ ಗತಿ, ಆದರೂ ಸ್ಟೋರಿ ಸಿಕ್ಕಿತು. ಹಾಗಾಗಿ ಮೊಮ್ಮಗನ ತಪ್ಪು ಪೂರ್ತಿ ಭಾಷೇದಲ್ಲ. ಕೈಲಿ ಫೋನ್ ಇತ್ತು ಅಂತ ನನ್ನ ಗುಮಾನಿ.

ಈ ಒಂದು ಸಿನಿಮಾ ಮಟ್ಟಿಗೆ ಮನೇನೇ ವಾಸಿ ಅಂತೀನಿ, ಟಾಕೀಸಿನವನಾಗಿಯೂ. 2016ರಲ್ಲಿ ನಾನು ಟಿಕೆಟ್ ತಗೊಂಡು ನೋಡಿದ್ದೆ. ಮೊದಲ ಬೈಗುಳಕ್ಕೆ ಜನ ನಕ್ಕ ಗಲಾಟೇಲಿ ಎರಡನೇದು ಯಾರಿಗೂ ಕೇಳಿಸಲಿಲ್ಲ. ಮನೇಲಿ ಹಿಂದಕ್ಕೆ ತಿರುಗಿಸಿ ಕೇಳಬಹುದು. ಹುಡುಗನ್ನ ಪಕ್ಕ ಕೂರಿಸ್ಕೊಂಡು, ಒಂದೊಂದು ಬೈಗುಳಕ್ಕೂ ನಿಲ್ಲಿಸಿ, ಯಾಕೆ ಹಾಗಂದ ಅಂತ ನೀವೇ ಹೇಳಿ. ಅವನ ಅಮ್ಮ ಒಳಗೆ ಇದ್ದಾಗ ಬೇಡ.

ಪ್ರಶ್ನೆ: ‘777 ಚಾರ್ಲಿ’ ನೋಡಿ ಬಿಕ್ಕಿ ಬಿಕ್ಕಿ ಅತ್ತೆ. ನನಗೆ 44 ವರ್ಷ. ಹೆಂಡತಿ ಆಡ್ಕೊಂಡು ನಗ್ತಾಳೆ.
– ಆಟೋ ಚಾಲಕ, ಎನ್.ಆರ್. ಮೊಹಲ್ಲಾ

ಉತ್ತರ: ನಗಲಿ ಬಿಡಿ. ಕಥಾನಾಯಕ ಧರ್ಮ ನಮ್ಮ ಮೈಸೂರವನೇ, ಅವನೂ ಅತ್ತಿದ್ದಾನೆ.

ಪ್ರಶ್ನೆ: ‘ಸು ಫ್ರಮ್ ಸೋ’ಗೆ ಥಿಯೇಟರಲ್ಲಿ ಜನ ಬಿದ್ದು ಬಿದ್ದು ನಕ್ಕರು ಅಂತ ಎಲ್ಲರೂ ಹೇಳಿದ್ದರು. ನಾನು ಟಿಕೆಟ್ ಸಿಗದೆ ಸುಮ್ಮನಾದೆ. ಆಮೇಲೆ ಮನೇಲಿ ಒಬ್ಬನೇ ಲ್ಯಾಪ್‌ಟಾಪಲ್ಲಿ ನೋಡಿದೆ. ಚೆನ್ನಾಗಿದೆ ಅನ್ನಿಸಿತು, ಆದರೆ ನಗು ಬಂದದ್ದು ಮೂರೋ ನಾಲ್ಕೋ ಸಲ. ಜನ ಸುಮ್ಮನೆ ಹವಾ ಎಬ್ಬಿಸಿದರಾ?
– ಇಂಜಿನಿಯರಿಂಗ್ ವಿದ್ಯಾರ್ಥಿ, ಮಂಡ್ಯ

ಉತ್ತರ: ಇಲ್ಲ ಮಗಾ. ನಗೋ ಸಿನಿಮಾ ಒಬ್ಬನೇ ನೋಡೋದು, ಒಬ್ಬನೇ ಕೂತು ಬೀಗರೂಟ ಉಂಡ ಹಾಗೆ. ನಗಿಸೋ ಮಾತಾದ ಮೇಲೆ ತಿಳಿದವರು ಒಂದೆರಡು ಸೆಕೆಂಡು ಜಾಗ ಬಿಟ್ಟಿರ್ತಾರೆ, ಮುಖವನ್ನೋ ಸುಮ್ಮನೆ ನಿಂತವರನ್ನೋ ತೋರಿಸ್ತಾ. ಆ ಜಾಗ ಜನರ ನಗುವಿಗೆ. ನಿನ್ನ ರೂಮಲ್ಲಿ ಆ ಜಾಗ ಖಾಲಿ ಬಿದ್ದಿತ್ತು, ಅದಕ್ಕೇ ನಿನ್ನ ನಗು ಮೂರೋ ನಾಲ್ಕೋ ಸಲಕ್ಕೆ ನಿಂತಿತು.

ಅಶೋಕನ ಮೈಮೇಲೆ ಸೋಮೇಶ್ವರದ ಸುಲೋಚನ ಬಂದಿದ್ದಾಳೆ ಅಂತ ಊರಿಗೆ ಊರೇ ನಂಬೋ ಕಥೆ ಅದು. ಒಬ್ಬರನ್ನ ನೋಡಿ ಒಬ್ಬರು ಹೆದರೋದೇ ತಮಾಷೆ. ಥಿಯೇಟರಲ್ಲೂ ಅದೇ ಆಗೋದು, ಪಕ್ಕದವನು ನಕ್ಕ ಅಂತ ನಾವು ನಗೋದು. ಜೆ.ಪಿ. ತುಮಿನಾಡು ಅವರು ಕನ್ನಡದಲ್ಲಿ ನಿರ್ದೇಶನ ಮಾಡಿದ ಮೊದಲ ಸಿನಿಮಾ, 2025ರದ್ದು. ನನ್ನ ತಕರಾರು ಇಲ್ಲದೆ ಇಲ್ಲ. ಕೊನೇಲಿ ಸ್ವಲ್ಪ ಬುದ್ಧಿವಾದದ ಕಡೆ ವಾಲಿತು ಅಂತ ನನಗೆ. ನೀನು ಹಾಸ್ಟೆಲಿನ ಆರು ಜನರನ್ನ ಸೇರಿಸ್ಕೊಂಡು ಇನ್ನೊಂದು ಸಲ ನೋಡು, ಕರಾವಳಿ ಕಡೆ ಹುಡುಗ ಒಬ್ಬ ಇದ್ದರೆ ಇನ್ನೂ ಒಳ್ಳೇದು. ಆಮೇಲೆ ಮತ್ತೆ ಬರಿ.

ಪ್ರಶ್ನೆ: 55 ಇಂಚಿನ ಟಿವಿಗೆ ಪೂರ್ತಿ ದುಡ್ಡು ಕೊಟ್ಟಿದ್ದೇನೆ. ಸಿನಿಮಾ ಹಾಕಿದರೆ ಮೇಲೆ ಕೆಳಗೆ ಕರಿ ಪಟ್ಟಿ. ಹಳೇ ಕಪ್ಪು-ಬಿಳುಪು ಚಿತ್ರ ಹಾಕಿದರೆ ಎಲ್ಲರ ಮುಖವೂ ಊದಿಕೊಂಡ ಹಾಗೆ. ಹೊಸ ಸಿನಿಮಾಗಳೆಲ್ಲ ಧಾರಾವಾಹಿ ಥರ ಕಾಣುತ್ತವೆ. ಟಿವಿ ವಾಪಸ್ ಕೊಡಲೇ?
– ನಿವೃತ್ತ ಬ್ಯಾಂಕ್ ನೌಕರ, ಕುವೆಂಪುನಗರ

ಉತ್ತರ: ಟಿವಿ ಇಟ್ಕೊಳ್ಳಿ ಸರ್. ಸ್ಕೋಪ್, ಅಂದ್ರೆ ಅಗಲ ಪರದೆಯ ಸಿನಿಮಾ, ಎತ್ತರದ 2.39ರಷ್ಟು ಅಗಲ, ನಿಮ್ಮ ಟಿವಿ 1.78ರಷ್ಟು. ಪೂರ್ತಿ ಚಿತ್ರ ಕಾಣಬೇಕು ಅಂದ್ರೆ ಟಿವಿಯ ಕಾಲು ಭಾಗ ಕಪ್ಪಾಗಿ ಇರಲೇಬೇಕು. ಜೂಮ್ ಒತ್ತಿದರೆ ಪಟ್ಟಿ ಹೋಗುತ್ತೆ, ಅದರ ಜೊತೆ ಅಕ್ಕಪಕ್ಕದಲ್ಲಿ ಚಿತ್ರದ ಕಾಲು ಭಾಗವೂ ಹೋಗುತ್ತೆ. ಮೂಲೇಲಿ ನಿಂತ ಪೋಷಕ ನಟ ಮಾಯ. ಹಳೇ ಚಿತ್ರದ್ದು ಇದರ ಉಲ್ಟಾ, ಅದು ಹೆಚ್ಚುಕಮ್ಮಿ ಚೌಕ. ಟಿವಿ ಅದನ್ನ ರೊಟ್ಟಿ ತಟ್ಟಿದ ಹಾಗೆ ಅಗಲ ಮಾಡಿದೆ. ಪಿಕ್ಚರ್ ಸೈಜ್‌ನಲ್ಲಿ 4:3 ಅಥವಾ ‘ಒರಿಜಿನಲ್’ ಹಾಕಿ, ಊತ ಇಳಿಯುತ್ತೆ.

ಧಾರಾವಾಹಿ ಕಾಯಿಲೆಗೂ ಮದ್ದಿದೆ. ಸಿನಿಮಾ ಸೆಕೆಂಡಿಗೆ 24 ಚಿತ್ರ. ನಿಮ್ಮ ಟಿವಿ ನಡುನಡುವೆ ತಾನೇ ಇಲ್ಲದ ಚಿತ್ರಗಳನ್ನ ಹುಟ್ಟಿಸಿ ಸೇರಿಸ್ತಾ ಇದೆ. ಸೆಟ್ಟಿಂಗ್‌ನಲ್ಲಿ ‘ಮೋಷನ್’ ಅನ್ನೋ ಪದ ಎಲ್ಲಿದೆಯೋ ಅದನ್ನ ಆಫ್ ಮಾಡಿ.

ಪ್ರಶ್ನೆ: ನಾನು ನರ್ಸ್. ಶಿಫ್ಟ್ ಮಧ್ಯೆ ಒಂದು ಸಿನಿಮಾನ ಐದಾರು ದಿನ, ದಿನಕ್ಕೆ ಇಪ್ಪತ್ತು ನಿಮಿಷದ ಹಾಗೆ ನೋಡ್ತೀನಿ. ಇದಕ್ಕೂ ಬೈತೀರಾ ಅಣ್ಣಾ?
– ಮೈಸೂರು

ಉತ್ತರ: ನಿಮಗೆ ಬೈಯೋ ಧೈರ್ಯ ನನಗಿಲ್ಲ ತಾಯಿ, ಇಂಜೆಕ್ಷನ್ ನಿಮ್ಮ ಕೈಲಿರುತ್ತೆ. ಇನ್ನೂ ಒಂದು ಮಾತು. ಎರಡು ಸಾವಿರ ಅಡಿಯ ಒಂದು ರೀಲು 22 ನಿಮಿಷ ಓಡ್ತಿತ್ತು. ನೀವು ದಿನಕ್ಕೊಂದು ರೀಲು ನೋಡ್ತಿದ್ದೀರಿ, ಅಷ್ಟೇ. ದೃಶ್ಯದ ನಡುವೆ ನಿಲ್ಲಿಸಬೇಡಿ, ದೃಶ್ಯ ಮುಗಿದಾಗ ನಿಲ್ಲಿಸಿ. ವಾರ್ಡಿಗೆ ಹೋದಾಗಲೂ ಅದು ತಲೇಲಿ ಉಳಿದಿರುತ್ತೆ.

ನನಗಿಂತ ನೀವು ವಾಸಿ. ಕೆಲಸಕ್ಕೆ ಸೇರಿದ ಹೊಸತು, ಒಂದು ಸೆಕೆಂಡ್ ಶೋನಲ್ಲಿ ನಿದ್ದೆಗಣ್ಣಲ್ಲಿ ಆರನೇ ರೀಲಿನ ಬದಲು ಏಳನೇದು ಏರಿಸಿಬಿಟ್ಟೆ. ಹೀರೋನ ಅಣ್ಣ ಸತ್ತು, ಮಾಲೆ ಹಾಕಿದ ಫೋಟೋ ಗೋಡೆ ಮೇಲೆ ಬಂದಾಯ್ತು. ಆಮೇಲೆ ಗಾಬರೀಲಿ ಆರನೇದು ಹಾಕಿದೆ. ಸತ್ತ ಅಣ್ಣ ತಂಗಿ ಮದುವೇಲಿ ಹಾಡು ಹೇಳ್ಕೊಂಡು ಬಂದ. ಬಾಲ್ಕನಿಯವರು ಅದು ಫ್ಲ್ಯಾಶ್‌ಬ್ಯಾಕ್ ಅಂದ್ಕೊಂಡು ಕಣ್ಣೊರೆಸ್ಕೊಂಡರು. ಗಾಂಧಿ ಕ್ಲಾಸಿನ ಒಬ್ಬ ಹುಡುಗ ಮಾತ್ರ ಎದ್ದು ನಿಂತು, ನನ್ನ ಕಿಂಡಿ ಕಡೆ ತಿರುಗಿ ಉದ್ದಕ್ಕೆ ಶಿಳ್ಳೆ ಹೊಡೆದ. ಆ ಶಿಳ್ಳೆ ಇನ್ನೂ ಕಿವೀಲಿದೆ.

ಪ್ರಶ್ನೆ: ಎಲ್ಲರಿಗೂ ಹೇಳ್ತೀರಿ. ನೀವು ಈಚೆಗೆ ಮನೇಲಿ ಏನು ನೋಡಿದ್ರಿ, ಹೇಗೆ ನೋಡಿದ್ರಿ?
– ಓದುಗಿ, ಮದ್ದೂರು

ಉತ್ತರ: ನಿಮ್ಮ ಜಿಲ್ಲೆಯವರೇ ಆದ ಪಾಂಡವಪುರದ ಯಜಮಾನರ ಕಾಗದ ಓದಿದ ಮೇಲೆ ಆಸೆಯಾಗಿ ಮತ್ತೆ ‘ತಿಥಿ’ ಹಾಕಿದೆ. ಲೈಟ್ ಆರಿಸಿ, ಫೋನು ಅಡುಗೆಮನೇಲಿಟ್ಟು, ನಾನೂ ನನ್ನಾಕೆಯೂ. ಅವಳು ಅವರೆಕಾಯಿ ಬಿಡಿಸ್ತಾ ಕೂತಿದ್ದಳು. ಕತ್ತಲಲ್ಲಿ ಹುಳ ಹೇಗೆ ಕಾಣುತ್ತೆ ಅಂತ ಕೇಳಿದರೆ, ಕೈಗೆ ಗೊತ್ತಾಗುತ್ತೆ ಬಿಡಿ ಅಂದಳು. ಗಡ್ಡಪ್ಪ ಕಾಲೆಳೆದುಕೊಂಡು ಹೊಲದ ದಾರೀಲಿ ಹೋಗ್ತಾ ಇದ್ದ, ಫಟ್ ಅಂತ ಕರೆಂಟ್ ಹೋಯ್ತು.

ನನ್ನ ಕೈ ತಾನಾಗೇ ಬಲಗಡೆ ಗೋಡೆ ತಡಕಿತು. ಕ್ಯಾಬಿನ್ನಲ್ಲಿ ಜನರೇಟರಿನವನಿಗೆ ಬೆಲ್ ಒತ್ತೋ ಸ್ವಿಚ್ ಇದ್ದದ್ದು ಅಲ್ಲೇ. ಗೋಡೇಲಿ ಕ್ಯಾಲೆಂಡರ್ ಸಿಕ್ಕಿತು. ಅಷ್ಟರಲ್ಲಿ ಕತ್ತಲೊಳಗಿಂದ ಒಂದು ಶಿಳ್ಳೆ, ಎರಡು ಬೆರಳು ಬಾಯಿಗಿಟ್ಟು ಹೊಡೆಯೋ ಅಪ್ಪಟ ಗಾಂಧಿ ಕ್ಲಾಸ್ ಶಿಳ್ಳೆ. ಹಿಂದೇನೇ, ‘ಏಯ್ ಆಪರೇಟರ್!’ ಮದುವೆಯಾಗಿ 38 ವರ್ಷ. ಅವಳಿಗೆ ಶಿಳ್ಳೆ ಹೊಡೆಯೋಕೆ ಬರುತ್ತೆ ಅಂತ ಅವತ್ತೇ ಗೊತ್ತಾಗಿದ್ದು.