ಅಂಡರ್‌ಗ್ರೌಂಡ್ 2 ಮುಗಿಸಿದವರು ಈಗ 'ಜ್ಯೂಸ್ಡ್' ಆಡಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಮಂಡ್ಯದ ಮನೆಯಲ್ಲಿ ಅಟ್ಟದ ಮೇಲಿದ್ದ ಹಳೇ ಪ್ಲೇಸ್ಟೇಷನ್ 2 ಕೆಳಗಿಳಿಸಿದ್ದೀರಿ. ನೀಡ್ ಫಾರ್ ಸ್ಪೀಡ್ ಅಂಡರ್‌ಗ್ರೌಂಡ್ 2 ಆಡಿ ಆಡಿ ಸಾಕಾಗಿದೆ. ಕಾರು ಮಾಡಿಫೈ ಮಾಡುವಂಥ ಇನ್ನೊಂದು ರೇಸಿಂಗ್ ಗೇಮ್ ಬೇಕು. 'ಜ್ಯೂಸ್ಡ್' ಹೆಸರು ಎಲ್ಲೋ ಕಣ್ಣಿಗೆ ಬಿತ್ತು. ಈಗ ಆಡಬಹುದಾ, ಚೆನ್ನಾಗಿದ್ದರೆ ಅದರ ಹೆಸರನ್ನೇ ಯಾಕೆ ಯಾರೂ ಎತ್ತುವುದಿಲ್ಲ?

ಆಡಿ. ಆದರೆ ಅಂಡರ್‌ಗ್ರೌಂಡ್ 2ರ ಮುಂದಿನ ಭಾಗ ಅಂದುಕೊಂಡು ಕೂತರೆ ಅರ್ಧ ಗಂಟೆಯಲ್ಲಿ ಎದ್ದು ಹೋಗುತ್ತೀರಿ. ಸುಮ್ನೆ ಸುತ್ತಾಡಲು ಇಲ್ಲಿ ಊರು ತೆರೆದಿರುವುದಿಲ್ಲ. ಪೊಲೀಸರು ಇದರಲ್ಲೂ ಇಲ್ಲ. ಏಂಜಲ್ ಸಿಟಿ ಅಂತ ಒಂದು ಕಲ್ಪನೆಯ ಊರು, ಅದರೊಳಗೆ ಗೊತ್ತುಮಾಡಿದ ಟ್ರ್ಯಾಕ್‌ಗಳು, ನಿಮ್ಮ ಮುಂದೆ ಒಂದು ಕ್ಯಾಲೆಂಡರ್. ಯಾವ ದಿನ ಯಾವ ರೇಸರ್ ಗುಂಪಿನವರು ರೇಸ್ ಇಟ್ಟಿದ್ದಾರೆ ಅಂತ ನೋಡಿಕೊಂಡು ಹೋಗಬೇಕು. ಮೊದಮೊದಲು ಕೈಗೆ ಸಿಗುವ ಕಾರುಗಳು ಓಡುವುದು ನೋಡಿದರೆ ನಿಮ್ಮ ತಾಳ್ಮೆ ಪರೀಕ್ಷೆ ಮಾಡುತ್ತಿವೆ ಅನಿಸುತ್ತದೆ.

ಈ ಗೇಮಿನ ತಾಕತ್ತು ಇರುವುದು ದುಡ್ಡಿನಲ್ಲಿ. ಇಲ್ಲಿ ದುಡ್ಡು ಕಳೆದುಕೊಂಡರೆ ಹೊಟ್ಟೆ ಉರಿಯುತ್ತದೆ.

ಅಂಡರ್‌ಗ್ರೌಂಡ್ 2ರಲ್ಲಿ ಗೋಡೆಗೆ ಎಷ್ಟು ಸಲ ಗುದ್ದಿದರೂ ಕಾರಿನ ಮೇಲೆ ಒಂದು ಗೀರು ಬೀಳುವುದಿಲ್ಲ. ಜ್ಯೂಸ್ಡ್‌ನಲ್ಲಿ ಗುದ್ದಿದರೆ ಕಾರು ಜಜ್ಜಿಹೋಗುತ್ತದೆ, ಆಮೇಲೆ ರಿಪೇರಿಗೆ ನಿಮ್ಮ ಜೇಬಿನಿಂದಲೇ ಕೊಡಬೇಕು. ರೇಸ್ ಶುರುವಾಗುವ ಮೊದಲು ಎದುರು ಗುಂಪಿನ ಲೀಡರ್ ಜೊತೆ ಬಾಜಿ ಕಟ್ಟಬಹುದು. ನೀವು ಓಡಿಸದ ರೇಸನ್ನು ನಿಂತು ನೋಡುತ್ತಾ ಬೇರೆಯವರ ಮೇಲೂ ದುಡ್ಡು ಹಾಕಬಹುದು. ಎಲ್ಲಕ್ಕಿಂತ ದೊಡ್ಡ ಬಾಜಿ ಅಂದರೆ ಕಾರನ್ನೇ ಪಣಕ್ಕಿಡುವುದು. ಗೆದ್ದರೆ ಅವನ ಕಾರು ನಿಮ್ಮ ಗ್ಯಾರೇಜಿಗೆ. ಸೋತರೆ ನೀವು ಬಣ್ಣ ಆರಿಸಿ, ಚಕ್ರ ಆರಿಸಿ, ಎಂಜಿನ್‌ಗೆ ದುಡ್ಡು ಸುರಿದ ಕಾರು ಅವನ ಪಾಲು.

ಹೀಗಾದಾಗ ಮಾಡಿಫಿಕೇಷನ್‌ಗೆ ಬೇರೆಯೇ ಅರ್ಥ ಬರುತ್ತದೆ. ಬಾಡಿ ಕಿಟ್, ಸ್ಪಾಯ್ಲರ್, ನಿಯಾನ್ ಲೈಟು, ಸ್ಟಿಕ್ಕರು, ಕ್ಷಣಕಾಲ ಸ್ಪೀಡ್ ಏರಿಸುವ ನೈಟ್ರಸ್ ಎಲ್ಲಾ ಇದರಲ್ಲೂ ಇವೆ, ಲೈಸೆನ್ಸ್ ಪಡೆದ ನಿಜವಾದ ಕಾರುಗಳೂ ಐವತ್ತಕ್ಕೂ ಹೆಚ್ಚು. ಆದರೆ ಕೈಯಲ್ಲಿರುವುದು ಸ್ವಲ್ಪ ದುಡ್ಡು. ಅದರಲ್ಲಿ ಬಂಪರ್ ರಿಪೇರಿ ಮಾಡಿಸಬೇಕಾ, ಟೈರ್ ಹಾಕಿಸಬೇಕಾ, ನಾಳೆಯ ಬಾಜಿಗೆ ಉಳಿಸಿಕೊಳ್ಳಬೇಕಾ? ನಮ್ಮ ಕಡೆ ಹಳೇ ಝೆನ್ನೋ ಎಸ್ಟೀಮೋ ಇಟ್ಟುಕೊಂಡು, ಸಂಬಳ ಬಂದ ತಿಂಗಳು ಅಲಾಯ್ ವೀಲ್, ಮುಂದಿನ ತಿಂಗಳು ಸೀಟ್ ಕವರ್ ಅಂತ ಒಂದೊಂದೇ ಸೇರಿಸುವ ಹುಡುಗರನ್ನು ನೋಡಿದ್ದೀರಲ್ಲ, ಅದೇ ಲೆಕ್ಕಾಚಾರ. ಬೇರೆ ರೇಸಿಂಗ್ ಗೇಮ್‌ಗಳಲ್ಲಿ ಕಾರು ಸಿಂಗರಿಸುವುದು ಬರೀ ಶೋಕಿ. ಇದರಲ್ಲಿ ಖರ್ಚಿನ ಬಾಬ್ತು.

ಮೊನ್ನೆ ಅಕ್ಕನ ಮಗ ಮನೆಗೆ ಬಂದಿದ್ದ. ಮೊಬೈಲ್ ಗೇಮ್ ಬಿಟ್ಟರೆ ಬೇರೆ ಗೊತ್ತಿಲ್ಲದವನು. ಮಳೆ ರೇಸ್ ಒಂದನ್ನು ಅವನ ಕೈಗೆ ಕೊಟ್ಟೆ. ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಜಾರುವುದು ಅವನಿಗೆ ಅಭ್ಯಾಸವಿಲ್ಲ. ತಿರುವಿನಲ್ಲೂ ಆಕ್ಸಿಲರೇಟರ್ ಬಿಡದೆ ಒತ್ತಿಯೇ ಇದ್ದ. ಹಾಗೂ ಹೀಗೂ ಎರಡನೇ ಜಾಗಕ್ಕೆ ಬಂದ. ಕೊನೇ ತಿರುವಿನಲ್ಲಿ ಮುಂದಿನವನನ್ನು ಒಳಗಡೆಯಿಂದ ಹಿಂದಿಕ್ಕಲು ಹೋಗಿ ಅವನಿಗೂ ಗುದ್ದಿದ, ಗೋಡೆಗೂ ಗುದ್ದಿದ. ಮೂತಿ ಜಜ್ಜಿಕೊಂಡೇ ಕಾರು ಗೆರೆ ದಾಟಿತು. "ಸೆಕೆಂಡ್ ಬಂದೆ ಮಾಮ!" ಅಂತ ಎದ್ದು ಕುಣಿದ. ಆಮೇಲೆ ರಿಪೇರಿ ಬಿಲ್ಲು ತೋರಿಸಿದೆ. ಬಂದ ದುಡ್ಡು ಅದಕ್ಕೇ ಸಾಲುತ್ತಿರಲಿಲ್ಲ. "ಇದ್ಯಾವ ನ್ಯಾಯ?" ಅಂದ. ಮುಂದಿನ ರೇಸಿನಲ್ಲಿ ತಿರುವು ಬರುವ ಮೊದಲೇ ಬ್ರೇಕ್ ಒತ್ತಿದ. ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ನೊಂದು ಒಳ್ಳೆಯ ವಿಷಯ, ನಿಮ್ಮದೇ ಒಂದು ಗುಂಪು ಕಟ್ಟಬಹುದು. ಟೀಮ್ ರೇಸಿನಲ್ಲಿ ನಿಮ್ಮ ಹುಡುಗರಿಗೆ ಜೋರಾಗಿ ಹೋಗು, ಹುಷಾರಾಗಿ ಹೋಗು ಅಂತ ಓಡಿಸುತ್ತಲೇ ಹೇಳಬಹುದು. ಜೋರು ಅಂದರೆ ಅವರು ಮುನ್ನುಗ್ಗುತ್ತಾರೆ, ಅಷ್ಟೇ ಬೇಗ ಎಲ್ಲಾದರೂ ಗುದ್ದಿಕೊಳ್ಳಲೂಬಹುದು. ಗುದ್ದಿದರೆ ಆ ಖರ್ಚೂ ನಿಮ್ಮದೇ ತಲೆಗೆ.

ಇಷ್ಟೆಲ್ಲಾ ಇದ್ದೂ ಯಾಕೆ ಮೂಲೆ ಸೇರಿತು ಅಂದರೆ, ಮುಖ್ಯವಾಗಿ ಬಂದ ಹೊತ್ತು ಸರಿಯಿರಲಿಲ್ಲ. ಇಂಗ್ಲೆಂಡಿನ ವಾರಿಂಗ್ಟನ್‌ನಲ್ಲಿದ್ದ ಜ್ಯೂಸ್ ಗೇಮ್ಸ್ ಅನ್ನುವವರು ಇದನ್ನು ಮಾಡಿದ್ದು. 2004ರಲ್ಲೇ ಅಕ್ಲೇಮ್ ಕಂಪನಿ ಇದನ್ನು ಹೊರತರಬೇಕಿತ್ತು. ಅದೇ ವರ್ಷ ಅಕ್ಲೇಮ್ ದಿವಾಳಿಯಾಯಿತು. ಟಿಎಚ್‌ಕ್ಯೂ ಅನ್ನುವ ಇನ್ನೊಂದು ಗೇಮ್ ಕಂಪನಿ ಹಕ್ಕು ಕೊಂಡು, ಇನ್ನಷ್ಟು ತಿದ್ದಿಸಿ, 2005ರ ಮಧ್ಯದಲ್ಲಿ ಬಿಡುಗಡೆ ಮಾಡಿತು. ಅಷ್ಟರಲ್ಲಿ ಏನಾಗಿತ್ತು ನೋಡಿ. 2004ರ ನವೆಂಬರ್‌ನಲ್ಲಿ ಅಂಡರ್‌ಗ್ರೌಂಡ್ 2 ಬಂದಾಗಿತ್ತು. 2005ರ ಶುರುವಿನಲ್ಲಿ ಗ್ರ್ಯಾನ್ ಟುರಿಸ್ಮೊ 4, ಏಪ್ರಿಲ್‌ನಲ್ಲಿ ಮಿಡ್‌ನೈಟ್ ಕ್ಲಬ್ 3. ಜ್ಯೂಸ್ಡ್ ಬಂದ ಕೆಲವೇ ತಿಂಗಳಿಗೆ ನೀಡ್ ಫಾರ್ ಸ್ಪೀಡ್ ಮೋಸ್ಟ್ ವಾಂಟೆಡ್. ಇವೆಲ್ಲದರ ನಡುವೆ ನಿಧಾನಕ್ಕೆ ರುಚಿ ಹತ್ತುವ ಗೇಮನ್ನು ಯಾರು ಕೇಳುತ್ತಾರೆ? ಒಂದು ವರ್ಷ ಮೊದಲೇ ಬಂದಿದ್ದರೆ ಕಥೆ ಬೇರೆ ಇರುತ್ತಿತ್ತು ಅನ್ನುವುದು ನನ್ನ ಅನಿಸಿಕೆ.

ನಮ್ಮ ಮೈಸೂರಲ್ಲಿ ಇನ್ನೊಂದು ಕಾರಣವೂ ಇತ್ತು. ಆಗ ಹೆಚ್ಚಿನವರು ಪ್ಲೇಸ್ಟೇಷನ್ ಆಡುತ್ತಿದ್ದದ್ದು ಗೇಮ್ ಪಾರ್ಲರ್‌ನಲ್ಲಿ, ಗಂಟೆ ಲೆಕ್ಕದಲ್ಲಿ. ಟ್ಯೂಷನ್‌ಗೆ ಅಂತ ಹೊರಟು ಸರಸ್ವತಿಪುರಂ, ಕುವೆಂಪುನಗರದ ಕಡೆ ಯಾವುದಾದರೂ ಅಂಗಡಿ ಹೊಕ್ಕರೆ, ಕೊಟ್ಟ ದುಡ್ಡಿಗೆ ಸಿಕ್ಕ ಒಂದು ಗಂಟೆಯಲ್ಲಿ ಸ್ಪೀಡ್ ಬೇಕು, ಇಲ್ಲಾ ಕುಸ್ತಿ ಬೇಕು. ಅಲ್ಲಿ ಕೂತು ಕ್ಯಾಲೆಂಡರ್ ನೋಡಿ, ದುಡ್ಡು ಕೂಡಿಟ್ಟು, ಬರೀ ಟೈರ್ ಬದಲಾಯಿಸಿ ಎದ್ದು ಬರೋಕಾಗುತ್ತಾ? ಆಡಿದಷ್ಟನ್ನು ಉಳಿಸಿಡುವ ಮೆಮೊರಿ ಕಾರ್ಡ್ ಪಾರ್ಲರಿನವರದ್ದು, ನಿಮ್ಮ ಸೇವ್ ಮೇಲೆ ಇನ್ಯಾರೋ ಬರೆದಿರುತ್ತಾರೆ. ಕಾರು ಪಣಕ್ಕಿಡುವ ಗೇಮ್ ಅಂಥ ಜಾಗದಲ್ಲಿ ನಡೆಯುವ ಮಾತೇ ಅಲ್ಲ. ಇದು ಮನೆಯಲ್ಲಿ, ಸ್ವಂತ ಮೆಮೊರಿ ಕಾರ್ಡ್ ಇಟ್ಟುಕೊಂಡು, ರಾತ್ರಿ ಊಟ ಆದ ಮೇಲೆ ಆಡುವ ಗೇಮ್. ನಿಮಗೆ ಈಗ ಆ ಅನುಕೂಲ ಇದೆ.

ಬೇಜಾರು ತರಿಸುವ ವಿಷಯಗಳೂ ಇವೆ. ಸ್ಟೀರಿಂಗ್ ಮೇಲೆ ಹಿಡಿತ ಬರಲು ಹೊತ್ತು ಬೇಕು. ಕಾರಿಗೆ ಇರುವ ತೂಕ ಕೈಗೆ ಗೊತ್ತಾಗುತ್ತದೆ, ಅದು ಕೆಲವರಿಗೆ ಇಷ್ಟವಾಗುವುದಿಲ್ಲ. ಗುಂಪಿನ ಲೀಡರ್‌ಗಳ ಮಾತುಕತೆ ಈಗ ಕೇಳಿದರೆ ನಗು ಬರುತ್ತದೆ. ಎಲ್ಲರಿಂದಲೂ 'ಗೌರವ' ಗಳಿಸಬೇಕು ಅನ್ನುವ ಒಂದು ಲೆಕ್ಕ ಇದೆ, ಅದು ಮೇಲೇರಿದಂತೆಲ್ಲ ಅವರ ರೇಸುಗಳಿಗೆ ಪ್ರವೇಶ. ನಡುವೆ ಒಂದಿಷ್ಟು ದಿನ ಅದೇ ಅದೇ ರೇಸ್ ಮಾಡುತ್ತಿದ್ದೇನೆ ಅನಿಸಿದರೆ ಆಶ್ಚರ್ಯವಿಲ್ಲ. 2007ರಲ್ಲಿ ಎರಡನೇ ಭಾಗವೂ ಬಂತು, ನೀವು ಓಡಿಸುವ ರೀತಿಯನ್ನೇ 'ಡ್ರೈವರ್ ಡಿಎನ್‌ಎ' ಅಂತ ದಾಖಲಿಸುವ ಐಡಿಯಾ ಅದರಲ್ಲಿದೆ. ಚೆನ್ನಾಗಿದೆ, ಆದರೆ ಮೊದಲನೆಯದರ ಬಿಗಿ ಅದಕ್ಕಿಲ್ಲ. ಜ್ಯೂಸ್ ಗೇಮ್ಸ್ 2011ರಲ್ಲಿ ಬಾಗಿಲು ಹಾಕಿತು, ಟಿಎಚ್‌ಕ್ಯೂ ಕೂಡ 2013ರಲ್ಲಿ ಮುಗಿಯಿತು.

ಅಂದಹಾಗೆ, ಇದನ್ನು ಆಡಿ ಹುಮ್ಮಸ್ಸು ಬಂದು ನಿಮ್ಮ ನಿಜವಾದ ಕಾರಿಗೆ ಕೈ ಹಾಕಬೇಡಿ. ಕಂಪನಿಯವರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಾಯಿಸುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಬಣ್ಣ ಬದಲಾಯಿಸಿದರೂ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಬೇಕು. ಪೊಲೀಸರು ಕರ್ಕಶ ಸೈಲೆನ್ಸರ್‌ಗಳ ಮೇಲೆ ರೋಡ್ ರೋಲರ್ ಹತ್ತಿಸುವ ಫೋಟೋಗಳನ್ನು ಪೇಪರಿನಲ್ಲಿ ನೋಡಿರುತ್ತೀರಿ. ನಿಯಾನ್, ಸ್ಪಾಯ್ಲರ್ ಎಲ್ಲಾ ಏಂಜಲ್ ಸಿಟಿಯಲ್ಲೇ ಇರಲಿ.

ಇನ್ನು ಆಡುವುದು ಹೇಗೆ ಅಂತ. ನಿಮ್ಮ ಪ್ಲೇಸ್ಟೇಷನ್‌ನ ಕೆಂಪು, ಬಿಳಿ, ಹಳದಿ ವೈರನ್ನು ಹೊಸ ಎಲ್‌ಇಡಿ ಟಿವಿಗೆ ಹಾಕಿದರೆ ಚಿತ್ರ ಮಸುಕು ಮಸುಕಾಗಿ ಬರುತ್ತದೆ. ಅದಕ್ಕಿಂತ ತೊಂದರೆ ಅಂದರೆ, ನೀವು ಬ್ರೇಕ್ ಒತ್ತಿದ ಮೇಲೆ ಪರದೆಯಲ್ಲಿ ಕಾಣುವುದು ಒಂದು ಚೂರು ತಡ. ಟಿವಿ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿ, ಸ್ವಲ್ಪ ಸುಧಾರಿಸುತ್ತದೆ. ಹಳೇ ಡಬ್ಬಾ ಟಿವಿ ನೆಂಟರ ಮನೆಯಲ್ಲೋ ಗುಜರಿ ಅಂಗಡಿಯಲ್ಲೋ ಸಿಕ್ಕರೆ ಇನ್ನೂ ಒಳ್ಳೆಯದು, ಈ ತಡ ಅದರಲ್ಲಿ ಇರುವುದಿಲ್ಲ. ರಿಪೇರಿ ಖರ್ಚು ಉಳಿಸುವ ಗೇಮಿನಲ್ಲಿ ಆ ಒಂದು ಚೂರು ಬಹಳ ಜಾಸ್ತಿ.

ಕಂಪ್ಯೂಟರ್ ಇದ್ದರೆ ಪಿಸಿಎಸ್‌ಎಕ್ಸ್ 2 ಅನ್ನುವ ಎಮ್ಯುಲೇಟರ್, ಅಂದರೆ ಪ್ಲೇಸ್ಟೇಷನ್ 2 ಗೇಮ್‌ಗಳನ್ನು ಕಂಪ್ಯೂಟರಿನಲ್ಲೇ ಓಡಿಸುವ ಸಾಫ್ಟ್‌ವೇರ್ ಇದೆ. ನಿಮ್ಮದೇ ಡಿಸ್ಕಿನ ಕಾಪಿ, ನಿಮ್ಮದೇ ಪ್ಲೇಸ್ಟೇಷನ್‌ನಿಂದ ತೆಗೆದ ಬಯೋಸ್ (ಯಂತ್ರ ಶುರುವಾಗಲು ಬೇಕಾದ ಮೂಲ ಸಾಫ್ಟ್‌ವೇರ್) ಫೈಲ್ ಎರಡೂ ಬೇಕು. ರೆಸಲ್ಯೂಷನ್ ಏರಿಸಿದರೆ ಕಾರಿನ ಬಣ್ಣ, ಸ್ಟಿಕ್ಕರಿನ ಅಂಚು ಎಲ್ಲಾ ಆಗ ಕಾಣದಷ್ಟು ಚೊಕ್ಕವಾಗಿ ಕಾಣುತ್ತದೆ. ಸೆಕೆಂಡ್‌ಹ್ಯಾಂಡ್ ಡಿಸ್ಕ್ ಕೊಳ್ಳುವಾಗ ಕೆಳಭಾಗವನ್ನು ಬೆಳಕಿಗೆ ಹಿಡಿದು ನೋಡಿ. ಮಧ್ಯದಿಂದ ಹೊರಕ್ಕೆ ಹೋದ ಗೀರುಗಳಿಗಿಂತ ಸುತ್ತಳತೆಯ ಉದ್ದಕ್ಕೆ ಬಿದ್ದ ಗೀರುಗಳು ಕೆಟ್ಟವು, ಅಂಥದ್ದಾದರೆ ಬಿಟ್ಟುಬಿಡಿ.

ಶುರುವಿನಲ್ಲಿ ಒಂದೇ ಕಾರು ಇಟ್ಟುಕೊಳ್ಳಿ. ದುಡ್ಡೆಲ್ಲಾ ಟೈರು, ಬ್ರೇಕಿಗೆ ಹಾಕಿ. ಸಣ್ಣ ಬಾಜಿ ಸಾಕು. ಎರಡನೇ ಕಾರು ಗ್ಯಾರೇಜಿನಲ್ಲಿ ಬಂದು ನಿಲ್ಲುವ ತನಕ ಯಾರು ಎಷ್ಟು ಕೆಣಕಿದರೂ ಮೊದಲನೆಯದನ್ನು ಪಣಕ್ಕಿಡಬೇಡಿ.