ಕರೆಂಟ್ ಹೋದಾಗಲೆಲ್ಲ ಪೈ ರೀಬೂಟ್ ಆಗುವುದೇಕೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ತೋಟ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಸಮಯ ಗೊತ್ತು ಮಾಡಿಕೊಳ್ಳಲೆಂದು ಮಳೆ ಮತ್ತು ತೇವಾಂಶ ದಾಖಲಿಸುವ ರಾಸ್ಪ್‌ಬೆರಿ ಪೈ 3ಬಿ ಪ್ಲಸ್ ಎಂಬ ಪುಟ್ಟ ಕಂಪ್ಯೂಟರ್ ಇಟ್ಟಿದ್ದೇನೆ. 20,000 ಎಂಎಎಚ್ ಪವರ್ ಬ್ಯಾಂಕ್ ಸದಾ ಚಾರ್ಜಿನಲ್ಲಿದ್ದು, ಅದರಿಂದಲೇ ಪೈ ನಡೆಯುತ್ತದೆ. ಆದರೂ ಕರೆಂಟ್ ಹೋದಾಗ, ಬಂದಾಗ ರೀಬೂಟ್ ಆಗುತ್ತದೆ. ಮೆಮೊರಿ ಕಾರ್ಡ್ ಕೂಡ ಕೆಟ್ಟಿತು. ಇನ್ನೂ ದೊಡ್ಡ ಪವರ್ ಬ್ಯಾಂಕ್ ತರಲೇ, ಸೋಲಾರ್ ಹಾಕಿಸಲೇ?

ಉತ್ತರ: ದೊಡ್ಡದು ತಂದರೂ ಇದೇ ಗತಿ. 20,000 ಎಂಎಎಚ್ ಎಂಬುದು ಒಳಗಿನ 3.7 ವೋಲ್ಟ್ ಸೆಲ್‌ಗಳ ಲೆಕ್ಕ, ಅಂದರೆ 74 ವ್ಯಾಟ್ ಅವರ್. ನಷ್ಟ ಕಳೆದು 60 ಉಳಿದರೂ, ಎರಡೂವರೆ ವ್ಯಾಟ್ ತಿನ್ನುವ ಪೈ ಒಂದು ದಿನ ನಡೆಯಬೇಕು. ಕೊರತೆ ಸಾಮರ್ಥ್ಯದ್ದಲ್ಲ. ಚಾರ್ಜಿಂಗ್ ನಿಂತಾಗ ಮತ್ತು ಶುರುವಾದಾಗ ಅನೇಕ ಪವರ್ ಬ್ಯಾಂಕುಗಳು ಹೊರಗಿನ ವಿದ್ಯುತ್ತನ್ನು ಕ್ಷಣಕಾಲ ಕಡಿದುಬಿಡುತ್ತವೆ. ಮೊಬೈಲಿಗೆ ಅದು ತಿಳಿಯುವುದೇ ಇಲ್ಲ, ಅದಕ್ಕೆ ತನ್ನದೇ ಬ್ಯಾಟರಿ ಇದೆ. ಪೈಗೆ ಏನಿದೆ?

ಆದ್ದರಿಂದ ಬದಲಾವಣೆಯ ಆ ಕ್ಷಣವೇ ಇಲ್ಲದಂತೆ ಮಾಡಿ. 12.8 ವೋಲ್ಟಿನ 12 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಮತ್ತು ಅದಕ್ಕೆಂದೇ ಇರುವ 14.6 ವೋಲ್ಟ್ ಚಾರ್ಜರ್ ತನ್ನಿ. ಇನ್ವರ್ಟರಿನ ಹಳೆಯ ಚಾರ್ಜರ್ ಬೇಡ. ಬ್ಯಾಟರಿಯಿಂದ ಫ್ಯೂಸ್ ದಾಟಿ, 12 ವೋಲ್ಟನ್ನು 5ಕ್ಕಿಳಿಸುವ ಬಕ್ ಕನ್ವರ್ಟರ್ ಮೂಲಕ ಪೈಗೆ ತಂತಿ ಎಳೆಯಿರಿ. ಕರೆಂಟ್ ಇರಲಿ, ಹೋಗಲಿ, ಪೈ ಉಣ್ಣುವುದು ಯಾವಾಗಲೂ ಬ್ಯಾಟರಿಯಿಂದಲೇ. ಕರೆಂಟ್ ಇಲ್ಲದೆ ಸುಮಾರು ಎರಡು ದಿನ ತಡೆದೀತು. ಕನ್ವರ್ಟರನ್ನು ಮಲ್ಟಿಮೀಟರಿನಲ್ಲಿ ನೋಡಿ 5.1 ವೋಲ್ಟಿಗೆ ಹೊಂದಿಸಿಕೊಳ್ಳುವ ಮೊದಲು ಪೈಗೆ ಜೋಡಿಸಲೇಬೇಡಿ. ಹೊಸ ಕನ್ವರ್ಟರ್ 9 ವೋಲ್ಟ್ ಕೊಟ್ಟರೂ ಕೊಟ್ಟೀತು. ಬೋರ್ಡಿನ ಕಥೆ ಅಲ್ಲಿಗೆ ಮುಗಿಯಿತು.

ಇನ್ನು ಕೇಬಲ್. ಇದನ್ನು ಯಾರೂ ಅನುಮಾನಿಸುವುದಿಲ್ಲ, ಆದರೆ ಅರ್ಧ ದೂರುಗಳ ಮೂಲ ಇದೇ ಎಂದು ನನ್ನ ಅನಿಸಿಕೆ. ಅಗ್ಗದ ಯುಎಸ್‌ಬಿ ಕೇಬಲಿನಲ್ಲಿ 28 ಗೇಜಿನ ತೆಳು ತಂತಿ ಇರುವುದುಂಟು. ಒಂದು ಮೀಟರ್ ಕೇಬಲಿನಲ್ಲಿ ಹೋಗಿ ಬರುವ ದಾರಿ ಎರಡೂ ಸೇರಿ ಸುಮಾರು 0.42 ಓಮ್. ಪೈ ಒಂದು ಆಂಪಿಯರ್ ಎಳೆದ ಗಳಿಗೆಯಲ್ಲಿ 5 ವೋಲ್ಟ್ ಹೋಗಿ 4.58 ಆಗುತ್ತದೆ. 4.63ರ ಕೆಳಗಿಳಿದರೆ ಪೈ ವೋಲ್ಟೇಜ್ ಸಾಲದೆಂದು ದೂರುತ್ತದೆ. ಪರದೆ ಇದ್ದರೆ ಹಳದಿ ಮಿಂಚಿನ ಗುರುತು ಮೂಡುತ್ತದೆ. 20 ಗೇಜಿನ ದಪ್ಪ, ಗಿಡ್ಡ ತಂತಿ ಹಾಕಿ.

ಕಾರ್ಡ್ ಕೆಡುವುದು, ಬರೆಯುತ್ತಿರುವಾಗಲೇ ವಿದ್ಯುತ್ ಕಡಿದುಹೋಗುವುದರಿಂದ. ಪೈನ ಸೆಟ್ಟಿಂಗ್‌ನಲ್ಲಿ, ಕಾರ್ಡಿಗೆ ಏನೂ ಬರೆಯದಂತೆ ತಡೆಯುವ ಓವರ್‌ಲೇ ಫೈಲ್ ಸಿಸ್ಟಮ್ ಆನ್ ಮಾಡಿ, ಮಳೆ ದಾಖಲೆಯನ್ನು ಪ್ರತ್ಯೇಕ ಪೆನ್ ಡ್ರೈವಿಗೆ ಬರೆಸಿ. ಬ್ಯಾಟರಿಯ ವೋಲ್ಟೇಜನ್ನು ಪೈ ತಾನಾಗಿ ಅಳೆಯಲಾರದು; ಅದನ್ನು ಅಳೆದು ಪೈಗೆ ತಿಳಿಸುವ ಐಎನ್‌ಎ219 ಮಾಡ್ಯೂಲ್ ಸೇರಿಸಿ, 12.0 ವೋಲ್ಟ್ ತಲುಪಿದಾಗ ಕ್ರಮಬದ್ಧವಾಗಿ ಶಟ್‌ಡೌನ್ ಆಗುವಂತೆ ಸಣ್ಣ ಪ್ರೋಗ್ರಾಂ ಬರೆಯಿರಿ. ಇಲ್ಲೊಂದು ಸಿಕ್ಕು ಇದೆ: ಹೀಗೆ ಮಲಗಿದ ಪೈ, ಕರೆಂಟ್ ಬಂದರೂ ತಾನಾಗಿ ಏಳುವುದಿಲ್ಲ, ಏಕೆಂದರೆ ಅದಕ್ಕೆ 5 ವೋಲ್ಟ್ ತಪ್ಪಿಯೇ ಇಲ್ಲ. ಬ್ಯಾಟರಿ ಮತ್ತು ಕನ್ವರ್ಟರ್ ನಡುವೆ, 11.8ರಲ್ಲಿ ಕಡಿದು 13.2ರಲ್ಲಿ ಮತ್ತೆ ಜೋಡಿಸುವ ಲೋ ವೋಲ್ಟೇಜ್ ಕಟಾಫ್ ಹಾಕಿದರೆ, ಚಾರ್ಜರ್ ವೋಲ್ಟೇಜ್ ಏರಿಸಿದ ಮೇಲೆ ಪೈ ತಾನೇ ಏಳುತ್ತದೆ. 12.0 ಮತ್ತು 11.8ರ ನಡುವೆ ಕರೆಂಟ್ ಬಂದರೆ ಮಾತ್ರ ನೀವೇ ಹೋಗಿ ಎಬ್ಬಿಸಬೇಕು.

ಸೋಲಾರ್ ಬೇಡ ಎನ್ನುತ್ತೇನೆ. ಪೈಗೆ ದಿನಕ್ಕೆ 60ಕ್ಕೂ ಹೆಚ್ಚು ವ್ಯಾಟ್ ಅವರ್ ಬೇಕು. ಪುನರ್ವಸು, ಪುಷ್ಯ ಮಳೆಯ ದಟ್ಟ ಮೋಡದಡಿ 40 ವ್ಯಾಟ್ ಫಲಕ ಅಷ್ಟು ಕೊಡುವುದು ಅನುಮಾನ, ಅಡಿಕೆ ಮರಗಳ ನೆರಳಿನಾಚೆ ಇಟ್ಟರೂ. ನಿಮಗೆ ದಾಖಲೆ ಬೇಕಿರುವುದೂ ಆ ದಿನಗಳದ್ದೇ. ಮುಂದೆ ಕರೆಂಟೇ ತಲುಪದ ಮೂಲೆಯಲ್ಲಿ ಮಳೆ ಅಳೆಯಬೇಕೆನಿಸಿದರೆ ಪೈ ಬಿಟ್ಟು ಇಎಸ್‌ಪಿ32 ಎಂಬ ಪುಟ್ಟ ಚಿಪ್ ಬಳಸಿ. ಎರಡು ಅಳತೆಗಳ ನಡುವೆ ಅದನ್ನು ಗಾಢ ನಿದ್ರೆಗೆ ಕಳಿಸಬಹುದು. ಆಗ ಆ ಚಿಪ್ ಎಳೆಯುವುದು ಬರೀ ಮೈಕ್ರೋ ಆಂಪಿಯರ್‌ಗಳ ಲೆಕ್ಕದಲ್ಲಿ.